‘ಕ್ರೆಶೆಂಡೊ’ ಎಂಬ ಶಬ್ದದ ಅರ್ಥವಿಚಾರ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ದಯಮಾಡಿಸಿದ್ದ ಅತಿಥಿಗಳೊಬ್ಬರು ಇಂಗ್ಲಿಷಿನಲ್ಲಿ ಬಹು ಸೊಗಸಾದ ಭಾಷಣವನ್ನು ಮಾಡಿದರು. ಅದನ್ನು ಕನ್ನಡಿಸಿ ಆ ವರ್ಷದ ಸಂಚಿಕೆಗೆ ಸಿದ್ಧಪಡಿಸುವ ಭಾರ ನನ್ನ ಪಾಲಿಗೆ ಬಂದಿತು. ಭಾಷಣದ ಕಡೆಯ ವಾಕ್ಯದಲ್ಲಿ ಅವರು, ಈ ವಿದ್ಯಾಸಂಸ್ಥೆಯ ಸೇವೆಯು ಒಂದು ‘ಕ್ರೆಶೆಂಡೊ’ ಆಗಲಿ ಎಂದು ಹಾರೈಸಿದ್ದರು. ಆ ಶಬ್ದವು ನನಗೆ ತೀರ ಅಪರಿಚಿತವೇನೂ ಆಗಿರಲಿಲ್ಲ. ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಪ್ರತಿಭಟನೆಯೋ ಚರ್ಚೆಯೋ ಚುನಾವಣೆಯ ಪ್ರಚಾರವೋ ‘ಕ್ರೆಶೆಂಡೊವನ್ನು ಮುಟ್ಟಿತು’ ಎಂಬ ಮಾತನ್ನು ಅನೇಕ ಸಲ ಓದಿದ್ದೆ. ಮುಟ್ಟತಕ್ಕ ವಸ್ತುವೆಂದ ಮೇಲೆ ಅದು ತುತ್ತತುದಿಯೇ ಆಗಿರಬೇಕೆಂದು ಊಹಿಸಿ, ನಿಘಂಟನ್ನು ತೆರೆಯುವ ಶ್ರಮವನ್ನೂ ವಹಿಸದೆ, ‘ಈ ಸಂಸ್ಥೆಯ ಸೇವೆಯು ಪರಾಕಾಷ್ಠೆಯನ್ನು ಮುಟ್ಟಲಿ’ ಎಂದು ಬರೆದು ಅಚ್ಚಿಗೆ ಕೊಟ್ಟೆ. ವಾಕ್ಯವು ಕಿವಿಗೆ ಇಂಪಾಗಿತ್ತು. ಕರಡಚ್ಚು ತಿದ್ದಿದವರಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ಸಂಚಿಕೆಯು ಹೊರಬಂದ ಕೆಲವು ದಿನಗಳಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಾತನವರು ನನ್ನನ್ನು ಕಾಣಲು ಬಂದರು. ಅವರು ಪೊಲೀಸ್ ಬ್ಯಾಂಡಿನಲ್ಲಿ ಬಹುಕಾಲ ಕ್ಲಾರಿಯೊನೆಟ್ ನುಡಿಸಿ ನಿವೃತ್ತರಾದವರು. ಸಂಚಿಕೆಯ ಆ ಪುಟವನ್ನು ತೆರೆದು ಹಿಡಿದು, “ಪಂಡಿತರೇ, ತಪ್ಪು ತಿಳಿಯಬಾರದು. ಬಂದ ಅತಿಥಿಗಳು ಹರಸಿ ಹೋದರು. ತಾವು ಅದನ್ನು ಶಾಪ ಮಾಡಿಬಿಟ್ಟಿರಿ. ತುದಿ ಮುಟ್ಟಿದವನಿಗೆ ಇನ್ನು ಇಳಿಯುವುದೊಂದೇ ತಾನೆ ಬಾಕಿ?” ಎಂದರು. ನಾನು ನಿರುತ್ತರನಾದೆ. ಅವರು ಎರಡು ಅಂಗೈಗಳನ್ನೂ ಮುಂದೆ ಚಾಚಿ, ಬೆರಳ ತುದಿಗಳನ್ನು ಕೂಡಿಸಿ, ಮೆಲ್ಲಮೆಲ್ಲನೆ ಅಗಲಿಸುತ್ತ, “ಇದು ನೋಡಿ ಕ್ರೆಶೆಂಡೊ. ನಮ್ಮ ಹಾಳೆಯಲ್ಲಿ ಈ ಗುರುತು ಬಂತೆಂದರೆ ನಾವು ಜೋರಾಗಿ ಊದುವುದಿಲ್ಲ ಸ್ವಾಮಿ, ಮೆಲ್ಲಗೆ ಊದುತ್ತೇವೆ. ಮೆಲ್ಲಗೆ ಹಿಡಿಯದಿದ್ದರೆ ಬೆಳೆಸುವುದಕ್ಕೆ ಜಾಗವೆಲ್ಲಿ?” ಎಂದು ಕೇಳಿದರು.

ಅವರು ಹೋದ ಮೇಲೆ ನಿಘಂಟುಗಳನ್ನು ತೆರೆದೆ. ತೆರೆದಷ್ಟೂ ವಿಷಯವು ವಿಸ್ತಾರವಾಗುತ್ತ ಹೋಯಿತು. ಒಂದು ಶಬ್ದದ ವಿಷಯದಲ್ಲಿ ನಾನು ಮಾಡಿದ ಪ್ರಮಾದವನ್ನು ಇಂಗ್ಲಿಷ್ ಭಾಷೆಯನ್ನಾಡುವ ಲಕ್ಷಾಂತರ ಜನರೂ ಮಾಡಿದ್ದಾರೆ, ಮತ್ತು ಅದರ ಹಿಂದೆ ಮನುಷ್ಯಸ್ವಭಾವದ ಒಂದು ಲಕ್ಷಣವೇ ಅಡಗಿದೆ ಎಂಬುದು ಮನವರಿಕೆಯಾಯಿತು. ವಿದ್ಯಾರ್ಥಿಗಳಿಗೆ ಉಪಯುಕ್ತವಾಗಬಹುದೆಂದೂ, ನನ್ನ ಹಳೆಯ ತಪ್ಪಿಗೆ ಒಂದು ತಿದ್ದುಪಡಿಯಾಗಲೆಂದೂ ಆ ವಿಚಾರವನ್ನು ಇಲ್ಲಿ ನಿರೂಪಿಸುತ್ತೇನೆ.

ಶಬ್ದದ ವ್ಯುತ್ಪತ್ತಿ

‘ಕ್ರೆಶೆಂಡೊ’ ಎಂಬುದು ಇಟಲಿಯ ಭಾಷೆಯ ಶಬ್ದ. ಪಾಶ್ಚಾತ್ಯ ಸಂಗೀತದ ಪಾರಿಭಾಷಿಕ ಶಬ್ದಗಳಲ್ಲಿ ಬಹುಪಾಲು ಆ ಭಾಷೆಯವೇ. ಇದರ ಮೂಲವು ಲ್ಯಾಟಿನ್ ಭಾಷೆಯ, ‘ಬೆಳೆ’ ಎಂಬರ್ಥದ ‘ಕ್ರೆಸ್ಕೆರೆ’ ಎಂಬ ಧಾತು. ಇಂಗ್ಲಿಷಿನಲ್ಲಿ ಹೆಚ್ಚುವುದಕ್ಕೆ ಹೇಳುವ ‘ಇನ್‌ಕ್ರೀಸ್’, ತಗ್ಗುವುದಕ್ಕೆ ಹೇಳುವ ‘ಡಿಕ್ರೀಸ್’ ಎಂಬ ಶಬ್ದಗಳೂ ಇದೇ ಧಾತುವಿನಿಂದ ಹುಟ್ಟಿದ ಒಡಹುಟ್ಟುಗಳು.

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕ ಅಂಶವೆಂದರೆ ಶಬ್ದದ ರೂಪ. ‘ಕ್ರೆಶೆಂಡೊ’ ಎಂಬುದು ಮೂಲದಲ್ಲಿ ನಾಮಪದವಲ್ಲ. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಕೃದಂತಾವ್ಯಯ. ‘ನಡೆ’ ಎಂಬ ಧಾತುವಿಗೆ ‘ನಡೆಯುತ್ತ’, ‘ನಡೆದು’ ಎಂಬ ಎರಡು ರೂಪಗಳಿವೆಯಷ್ಟೆ. ‘ನಡೆದು’ ಎಂದಾಗ ಕ್ರಿಯೆಯು ಮುಗಿದಿದೆ, ‘ನಡೆಯುತ್ತ’ ಎಂದಾಗ ಕ್ರಿಯೆಯು ಇನ್ನೂ ಸಾಗುತ್ತಿದೆ. ‘ಕ್ರೆಶೆಂಡೊ’ ಎಂಬುದಕ್ಕೆ ಅಕ್ಷರಶಃ ಸರಿಹೊಂದುವ ಕನ್ನಡ ರೂಪ ‘ಬೆಳೆಯುತ್ತ’ ಎಂಬುದೇ ಹೊರತು ‘ಬೆಳೆದು’ ಎಂಬುದಲ್ಲ. ‘ಬೆಳೆದು ಮುಟ್ಟಿದ ತುದಿ’ ಎಂಬುದಂತೂ ಸರ್ವಥಾ ಅಲ್ಲ. ಇದರ ವಿರುದ್ಧಾರ್ಥಕ ಶಬ್ದಗಳಾದ ‘ಡಿಮಿನ್ಯುಯೆಂಡೊ’, ‘ಡಿಕ್ರೆಶೆಂಡೊ’ ಎಂಬುವೂ ಇದೇ ಬಗೆಯ ಅವ್ಯಯಗಳು. ‘ಕುಗ್ಗುತ್ತ’, ‘ಇಳಿಯುತ್ತ’ ಎಂದು ಅವುಗಳ ಅರ್ಥ. ಒಂದು ಪ್ರತ್ಯಯದ ಅರಿವಿದ್ದಿದ್ದರೆ ನನ್ನ ಪ್ರಮಾದವು ತಪ್ಪುತ್ತಿತ್ತು. ವ್ಯಾಕರಣವು ಪರೀಕ್ಷೆಗಾಗಿ ಮಾತ್ರ ಓದತಕ್ಕ ವಿಷಯವೆಂದು ಭಾವಿಸುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಸಂಗೀತದಲ್ಲಿ ಇದರ ಲಕ್ಷಣ

ಹಾಡುತ್ತಿರುವ ಅಥವಾ ನುಡಿಸುತ್ತಿರುವ ಭಾಗದಲ್ಲಿ ನಾದದ ಬಲವನ್ನು ಕ್ರಮಕ್ರಮವಾಗಿ ಹೆಚ್ಚಿಸುತ್ತ ಹೋಗಬೇಕೆಂಬ ಸೂಚನೆಯೇ ಕ್ರೆಶೆಂಡೊ. ಪಾಶ್ಚಾತ್ಯರ ಸ್ವರಲಿಪಿಯಲ್ಲಿ ಇದನ್ನು ಶಬ್ದದ ಮೊದಲ ಕೆಲವು ಅಕ್ಷರಗಳಿಂದ ಸಂಕ್ಷೇಪವಾಗಿ ಬರೆಯುವುದುಂಟು. ಇಲ್ಲವೆ ಎಡಗಡೆಯಲ್ಲಿ ಒಂದೇ ಬಿಂದುವಿನಿಂದ ಹೊರಟು ಬಲಗಡೆಗೆ ಅಗಲವಾಗುತ್ತ ಹೋಗುವ ಎರಡು ಗೆರೆಗಳಿಂದ ತೋರಿಸುವುದುಂಟು. ಆ ಹಿರಿಯರು ಅಂಗೈಗಳನ್ನು ಅಗಲಿಸಿ ತೋರಿಸಿದ್ದು ಇದೇ ಚಿಹ್ನೆಯನ್ನು. ಕುಗ್ಗುವಿಕೆಗೆ ಇದೇ ಚಿಹ್ನೆಯನ್ನು ತಿರುಗಿಸಿ ಬರೆಯುತ್ತಾರೆ. ಶಬ್ದವಾಗಲಿ ಚಿಹ್ನೆಯ ಬಿಂದುವಾಗಲಿ ಹಾಳೆಯ ಮೇಲೆ ನಿಲ್ಲುವುದು ನಾದವು ಇನ್ನೂ ಕಿರಿದಾಗಿರುವ ಸ್ಥಳದಲ್ಲಿ. ತುದಿಯಲ್ಲಿ ಇರುವುದು ‘ಗಟ್ಟಿಯಾಗಿ’ ಎಂಬರ್ಥದ ‘ಫೋರ್ಟೆ’ ಎಂಬ ಬೇರೊಂದು ಸೂಚನೆ. ಎಂದ ಮೇಲೆ ಕ್ರೆಶೆಂಡೊ ಎಂಬ ಹೆಸರು ಮಾರ್ಗಕ್ಕೆ ಸಂದದ್ದು, ಗಮ್ಯಸ್ಥಾನಕ್ಕೆ ಸಂದದ್ದಲ್ಲ ಎಂಬುದು ಲಿಪಿಯಿಂದಲೇ ಸಿದ್ಧವಾಗುತ್ತದೆ.

ನಮ್ಮ ಸಂಗೀತವನ್ನು ಬಲ್ಲವರು ಇದನ್ನು ಆರೋಹಣವೆಂದು ಭ್ರಮಿಸುವ ಸಂಭವವಿದೆ. ಆರೋಹಣದಲ್ಲಿ ಏರುವುದು ಸ್ವರದ ಸ್ಥಾನ. ಷಡ್ಜದಿಂದ ಋಷಭಕ್ಕೆ, ಋಷಭದಿಂದ ಗಾಂಧಾರಕ್ಕೆ ಸ್ವರವು ಮೆಟ್ಟಿಲು ಹತ್ತುತ್ತದೆ. ಕ್ರೆಶೆಂಡೊದಲ್ಲಿ ಸ್ವರವು ಇದ್ದಲ್ಲಿಯೇ ಇರಬಹುದು, ಹೆಚ್ಚುವುದು ಅದರ ಬಲ. ತಂಬೂರಿಯ ಒಂದೇ ತಂತಿಯನ್ನು ಮೊದಲು ಮೃದುವಾಗಿ, ಅನಂತರ ಸ್ವಲ್ಪ ಒತ್ತಿ, ಆಮೇಲೆ ಇನ್ನೂ ಒತ್ತಿ ಮೀಟಿದರೆ ಸ್ವರವು ಬದಲಾಗದೆ ನಾದವು ಮಾತ್ರ ಹಿರಿದಾಗುತ್ತದೆ. ತಂತಿಯು ಎಷ್ಟು ಬೇಗ ಬೇಗ ಕಂಪಿಸುವುದೆಂಬುದು ಸ್ವರದ ಎತ್ತರವನ್ನೂ, ಎಷ್ಟು ಅಗಲಕ್ಕೆ ಕಂಪಿಸುವುದೆಂಬುದು ನಾದದ ಬಲವನ್ನೂ ನಿರ್ಣಯಿಸುತ್ತದೆ. ಅಂತೆಯೇ ಇದು ಲಯದ ವೇಗವೂ ಅಲ್ಲ. ವೇಗವು ಕ್ರಮವಾಗಿ ಹೆಚ್ಚುವುದಕ್ಕೆ ಪಾಶ್ಚಾತ್ಯರಲ್ಲಿ ‘ಅಕ್ಸೆಲೆರಾಂಡೊ’ ಎಂಬ ಬೇರೆ ಶಬ್ದವೇ ಇದೆ.

ಆಕಾರಸಾಮ್ಯವನ್ನು ನೋಡುವುದಾದರೆ ನಮ್ಮ ತಾಳಶಾಸ್ತ್ರದ ಯತಿಗಳು ನೆನಪಿಗೆ ಬರುತ್ತವೆ. ಹುಟ್ಟುವಲ್ಲಿ ಕಿರಿದಾಗಿದ್ದು ಮುಂದೆ ಮುಂದೆ ಅಗಲವಾಗುವ ಹೊಳೆಯಂತಿರುವುದು ಸ್ರೋತೋವಹ ಯತಿ. ಬುಡದಲ್ಲಿ ದಪ್ಪವಾಗಿದ್ದು ತುದಿಗೆ ಸಣ್ಣದಾಗುವ ಹಸುವಿನ ಬಾಲದಂತಿರುವುದು ಗೋಪುಚ್ಛ ಯತಿ. ಮುತ್ತುಸ್ವಾಮಿ ದೀಕ್ಷಿತರು (1775–1835) ಆನಂದಭೈರವಿಯ ‘ತ್ಯಾಗರಾಜ ಯೋಗ ವೈಭವಂ’ ಎಂಬ ಕೃತಿಯಲ್ಲಿ ಸಾಹಿತ್ಯದ ಅಕ್ಷರಗಳನ್ನೇ ಹೀಗೆ ಕುಗ್ಗಿಸಿಯೂ ಹಿಗ್ಗಿಸಿಯೂ ತೋರಿಸಿದ್ದಾರೆ. ಆದರೆ ಯತಿಯು ಜತಿ ಅಥವಾ ಪದಗುಚ್ಛಗಳ ಉದ್ದಕ್ಕೆ ಸಂಬಂಧಿಸಿದ್ದು, ಕ್ರೆಶೆಂಡೊ ನಾದದ ಬಲಕ್ಕೆ ಸಂಬಂಧಿಸಿದ್ದು. ಹೋಲಿಕೆಯು ಆಕಾರದಲ್ಲಿ ಮಾತ್ರ ಎಂಬುದನ್ನು ಮರೆಯಬಾರದು. ಆದರೂ ‘ಹೊಳೆ’ ಎಂಬ ಉಪಮಾನವು ನಮ್ಮ ಪ್ರಕೃತಕ್ಕೆ ಬಹಳ ಉಪಕಾರಿ. ಹೊಳೆಯೆಂಬುದು ಹರಿವಿಗೆ ಹೆಸರು. ಅದು ಸೇರುವ ಕಡಲಿಗೆ ಹೆಸರಲ್ಲ.

ಇದರ ಚರಿತ್ರೆ

ನಾದವನ್ನು ಬೆಳೆಸುವುದು ಕಂಠಕ್ಕೆ ಸಹಜವಾದ ಶಕ್ತಿ. ಆದರೆ ಎಲ್ಲ ವಾದ್ಯಗಳಿಗೂ ಆ ಶಕ್ತಿಯಿಲ್ಲ. ಯೂರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಮನೆಯನ್ನು ಒತ್ತಿದರೆ ಒಳಗೆ ಒಂದು ಸಣ್ಣ ಮೀಟುಗೋಲು ತಂತಿಯನ್ನು ಮೀಟುತ್ತಿತ್ತು. ಬೆರಳು ಮೆಲ್ಲಗೆ ಒತ್ತಲಿ, ಬಲವಾಗಿ ಒತ್ತಲಿ, ನಾದವು ಹೆಚ್ಚುಕಡಮೆ ಒಂದೇ ಸಮನಾಗಿರುತ್ತಿತ್ತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆಡಿಚಿ ಅರಸುಮನೆತನದ ಆಶ್ರಯದಲ್ಲಿದ್ದ ಬಾರ್ತಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿಯು ಮೀಟುಗೋಲಿಗೆ ಬದಲಾಗಿ ಸಣ್ಣ ಸುತ್ತಿಗೆಗಳನ್ನು ಅಳವಡಿಸಿ, ಬೆರಳಿನ ಒತ್ತಡಕ್ಕೆ ಅನುಗುಣವಾಗಿ ಮೃದುವಾಗಿಯೂ ಗಟ್ಟಿಯಾಗಿಯೂ ನುಡಿಯುವ ವಾದ್ಯವನ್ನು ನಿರ್ಮಿಸಿದನು. 1700ರಲ್ಲಿ ಸಿದ್ಧಪಡಿಸಿದ ಆ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಇದರ ಉಲ್ಲೇಖವಿದೆ. ‘ಪಿಯಾನೊ’ ಎಂದರೆ ಮೃದು, ‘ಫೋರ್ಟೆ’ ಎಂದರೆ ಗಟ್ಟಿ. ಎರಡನ್ನೂ ಕೂಡಿಸಿದ ‘ಪಿಯಾನೊಫೋರ್ಟೆ’ ಎಂಬ ಹೆಸರನ್ನು ಲೋಕವು ಇಂದು ‘ಪಿಯಾನೊ’ ಎಂದು ಮೊಟಕು ಮಾಡಿಕೊಂಡಿದೆ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ನುಡಿಸುವ ಹಾರ್ಮೋನಿಯಮ್ಮಿನಲ್ಲಿ ತಿದಿಯನ್ನು ಒತ್ತುವ ಬಲವನ್ನು ಹೆಚ್ಚಿಸಿ ನಾದವನ್ನು ಬೆಳೆಸುವುದನ್ನು ವಿದ್ಯಾರ್ಥಿಗಳೆಲ್ಲರೂ ಕೇಳಿಯೇ ಇದ್ದಾರೆ. ಅದೂ ಒಂದು ಕ್ರೆಶೆಂಡೊ.

ಹಲವಾರು ವಾದ್ಯಗಳ ಮೇಳದಲ್ಲಿ ಇದನ್ನು ಸಾಧಿಸುವುದು ಇನ್ನೂ ಕಷ್ಟ. ಎಲ್ಲರೂ ಒಂದೇ ಪ್ರಮಾಣದಲ್ಲಿ, ಒಬ್ಬರನ್ನೊಬ್ಬರು ಮೀರದೆ ಬೆಳೆಯಬೇಕು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಮಾನ್‌ಹೈಮ್ ಆಸ್ಥಾನದ ವಾದ್ಯಮೇಳವು ಈ ಕೌಶಲಕ್ಕೆ ಯೂರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಅದಕ್ಕೆ ಶಿಸ್ತನ್ನು ಕಲಿಸಿದವನು ಬೊಹೀಮಿಯದಲ್ಲಿ ಜನಿಸಿದ ಯೊಹಾನ್ ಸ್ಟಾಮಿಟ್ಸ್ (1717–1757). 1772ರಲ್ಲಿ ಅಲ್ಲಿಗೆ ಭೇಟಿಯಿತ್ತ ಚಾರ್ಲ್ಸ್ ಬರ್ನಿ ಎಂಬ ಆಂಗ್ಲ ವಿದ್ವಾಂಸನು ಕ್ರೆಶೆಂಡೊ ಮತ್ತು ಡಿಮಿನ್ಯುಯೆಂಡೊಗಳ ಜನ್ಮಸ್ಥಾನವೇ ಇದೆಂಬಂತೆ ಪ್ರಶಂಸಿಸಿದನು. ಇದು ಅತಿಶಯೋಕ್ತಿಯೇ ಸರಿ. ಇಟಲಿಯ ಯೊಮ್ಮೆಲ್ಲಿ ಮೊದಲಾದವರು ಅಷ್ಟರಲ್ಲಿಯೇ ಇದನ್ನು ಬಳಸಿದ್ದರು. ರೋಮ್ ನಗರದಲ್ಲಿ ಯೊಮ್ಮೆಲ್ಲಿಯ ಮೇಳವು ನಾದವನ್ನು ಬೆಳೆಸುತ್ತ ಹೋದಂತೆ ಶ್ರೋತೃಗಳು ತಮಗರಿವಿಲ್ಲದೆಯೇ ಆಸನಗಳಿಂದ ಮೆಲ್ಲಮೆಲ್ಲನೆ ಮೇಲೇಳುತ್ತಿದ್ದರೆಂಬ ಪ್ರತೀತಿಯನ್ನು ರೈಖಾರ್ಟ್ ಎಂಬ ಆ ಕಾಲದ ಸಂಗೀತಗಾರನು ಬರೆದಿಟ್ಟಿದ್ದಾನೆ. ಅವರನ್ನು ಎಬ್ಬಿಸಿದ್ದು ಗಟ್ಟಿಯಾದ ಸದ್ದಲ್ಲ, ಸದ್ದು ಬೆಳೆದ ಕ್ರಮ.

ಇಟಲಿಯ ರೊಸ್ಸಿನಿ (1792–1868) ಎಂಬ ವಾಗ್ಗೇಯಕಾರನಿಗೆ ಈ ಅಲಂಕಾರದಲ್ಲಿ ಎಷ್ಟು ಒಲವಿತ್ತೆಂದರೆ ಅವನಿಗೆ ‘ಸಿನ್ಯೋರ್ ಕ್ರೆಶೆಂಡೊ’ ಎಂಬ ಅಡ್ಡಹೆಸರೇ ಬಂದಿತ್ತು. 1816ರಲ್ಲಿ ರೋಮ್ ನಗರದಲ್ಲಿ ಮೊದಲು ಪ್ರಯೋಗವಾದ ‘ಸೆವಿಲ್ ನಗರದ ಕ್ಷೌರಿಕ’ ಎಂಬ ಅವನ ಗೇಯನಾಟಕದಲ್ಲಿ ಸಂಗೀತ ಕಲಿಸುವ ಮೇಷ್ಟರ ಪಾತ್ರವೊಂದಿದೆ. ಚಾಡಿಮಾತಿನ ಶಕ್ತಿ ಎಂಥದೆಂದು ಆತ ಒಂದು ಹಾಡಿನಲ್ಲಿ ವರ್ಣಿಸುತ್ತಾನೆ. ಅದು ಮೊದಲು ಕಿವಿಯ ಬಳಿ ಸುಳಿಯುವ ತಂಗಾಳಿ. ಬಾಯಿಂದ ಬಾಯಿಗೆ ಹರಡಿ ಬಲವಾಗುತ್ತ ಬಂದು ಕಡೆಗೆ ಫಿರಂಗಿಯಂತೆ ಸಿಡಿಯುತ್ತದೆ. ಸಂಗೀತವೂ ಹಾಗೆಯೇ ಪಿಸುದನಿಯಿಂದ ಹೊರಟು ಗುಡುಗಿನವರೆಗೆ ಬೆಳೆಯುತ್ತದೆ. ಇಲ್ಲಿ ಕ್ರೆಶೆಂಡೊ ಬರಿಯ ಅಲಂಕಾರವಲ್ಲ, ಅದೇ ಅರ್ಥ. ಪಿಸುಮಾತನ್ನು ಅಲ್ಲಿಯೇ ತಡೆಯದಿದ್ದರೆ ಏನಾಗುವುದೆಂಬುದನ್ನು ಕೇಳುಗನು ಕಿವಿಯಿಂದಲೇ ತಿಳಿಯುತ್ತಾನೆ.

ಇನ್ನೊಂದು ಉದಾಹರಣೆಯು ಫ್ರಾನ್ಸ್ ದೇಶದ ಮಾರಿಸ್ ರಾವೆಲ್ ರಚಿಸಿ, 1928ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯದೊಡನೆ ಮೊದಲು ಪ್ರಯೋಗವಾದ ‘ಬೊಲೆರೊ’. ಸುಮಾರು ಕಾಲು ಗಂಟೆಯ ಈ ಕೃತಿಯು ಆದ್ಯಂತವಾಗಿ ಒಂದೇ ಕ್ರೆಶೆಂಡೊ. ಸಣ್ಣ ನಗಾರಿಯೊಂದು ಕೇಳಿಯೂ ಕೇಳಿಸದಂತೆ ಒಂದು ಲಯವನ್ನು ಹಿಡಿಯುತ್ತದೆ, ಕೊನೆಯವರೆಗೂ ಅದನ್ನು ಬಿಡುವುದಿಲ್ಲ. ವೇಗವನ್ನು ಹೆಚ್ಚಿಸುವಂತಿಲ್ಲ; ರಾಗದ ಎಳೆಗಳೂ ಮತ್ತೆ ಮತ್ತೆ ಅವೇ ಬರುತ್ತವೆ. ಒಂದೊಂದಾಗಿ ವಾದ್ಯಗಳು ಬಂದು ಕೂಡಿಕೊಂಡು ನಾದವು ಮಾತ್ರ ಹಿರಿದಾಗುತ್ತ ಹೋಗುತ್ತದೆ. ಕೇಳುಗನ ಗಮನಕ್ಕೆ ಬರುವುದು ಬೆಳವಣಿಗೆಯೊಂದೇ. ಸ್ವರದ ಏರಿಕೆ, ಲಯದ ವೇಗ, ನಾದದ ವೃದ್ಧಿ ಇವು ಮೂರೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಲೋಕವ್ಯವಹಾರದಲ್ಲಿ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷಿಗೆ ಬಂದ ಈ ಶಬ್ದವು ಸಂಗೀತಶಾಲೆಯಿಂದ ಬೀದಿಗಿಳಿಯಲು ಬಹುಕಾಲ ಹಿಡಿಯಲಿಲ್ಲ. ಗಾಳಿಯ ಸದ್ದು, ಜನರ ಕೋಲಾಹಲ, ಕರತಾಡನ, ಟೀಕೆ, ಬೇಡಿಕೆ ಇವು ಕ್ರಮವಾಗಿ ಹೆಚ್ಚುವುದನ್ನೂ ಕ್ರೆಶೆಂಡೊ ಎಂದು ಕರೆಯತೊಡಗಿದರು. ಇದು ಲಕ್ಷಣೆಯಿಂದ ಬಂದ ಅರ್ಥ, ಎಲ್ಲ ವಿಧದಿಂದಲೂ ಸಾಧುವಾದದ್ದು. ಹೆಂಚಿನ ಮನೆಯಲ್ಲಿ ಕುಳಿತವನು ದೂರದ ಗದ್ದೆಬಯಲಿನಿಂದ ಬರುವ ಮಳೆಯನ್ನು ಕಿವಿಯಿಂದಲೇ ಅಳೆಯುತ್ತಾನೆ. ಮೊದಲು ಮರಗಳ ಮರ್ಮರ, ಆಮೇಲೆ ಪಕ್ಕದ ಕೇರಿಯ ಮಾಡುಗಳ ಮೇಲೆ ಸದ್ದು, ಕಡೆಗೆ ತನ್ನ ತಲೆಯ ಮೇಲೆ. ಇದನ್ನು ಕ್ರೆಶೆಂಡೊ ಎನ್ನಲು ಯಾವ ವೈಯಾಕರಣನ ಅಡ್ಡಿಯೂ ಇಲ್ಲ.

ಅಡ್ಡಿಯು ಪ್ರಾರಂಭವಾಗುವುದು ಕ್ರಿಯಾಪದದಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ‘ರೀಚ್ಡ್ ಎ ಕ್ರೆಶೆಂಡೊ’, ಎಂದರೆ ಕ್ರೆಶೆಂಡೊವನ್ನು ಮುಟ್ಟಿತು, ಎಂಬ ಪ್ರಯೋಗವು ಬಲವಾಗಿ ಹರಡಿತು. ಅಮೆರಿಕದ ಪ್ರಸಿದ್ಧ ಕಾದಂಬರಿಕಾರ ಸ್ಕಾಟ್ ಫಿಟ್ಜ್‌ಜೆರಾಲ್ಡನು 1925ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ ಮೋಟಾರು ಕಾರುಗಳ ಹಾರನ್ನುಗಳ ಗದ್ದಲವನ್ನು ವರ್ಣಿಸುವಾಗ ಈ ಅರ್ಥದಲ್ಲಿಯೇ ಬಳಸಿದ್ದಾನೆ. ಮುಟ್ಟತಕ್ಕದ್ದು ಸ್ಥಳವನ್ನು, ನಡಿಗೆಯನ್ನು ಯಾರೂ ಮುಟ್ಟಲಾರರು. ‘ಪ್ರಯಾಣವನ್ನು ಮುಟ್ಟಿದೆನು’ ಎಂದು ನಾವು ಹೇಳುವೆವೆ? ‘ರೈಸಿಂಗ್ ಕ್ರೆಶೆಂಡೊ’, ಎಂದರೆ ಏರುತ್ತಿರುವ ಕ್ರೆಶೆಂಡೊ, ಎಂಬುದರಲ್ಲಿ ಪುನರುಕ್ತಿದೋಷವಿದೆ. ‘ಸಡನ್ ಕ್ರೆಶೆಂಡೊ’, ಎಂದರೆ ಹಠಾತ್ತಾದ ಕ್ರೆಶೆಂಡೊ, ಎಂಬುದರಲ್ಲಿ ವ್ಯಾಘಾತವೇ ಇದೆ. ಕ್ರಮವಾಗಿ ಬೆಳೆಯುವುದು ಹಠಾತ್ತಾಗಿ ಆಗುವುದು ಹೇಗೆ?

ಯೋಗ ಮತ್ತು ರೂಢಿ

ಹಾಗಾದರೆ ಹೊಸ ಪ್ರಯೋಗವೆಲ್ಲವೂ ಅಪಶಬ್ದವೆಂದು ತಳ್ಳಿಹಾಕಬೇಕೆ? ಇಲ್ಲಿ ನಮ್ಮ ಶಾಸ್ತ್ರಕಾರರು ತೋರಿದ ವಿವೇಕವು ಉಪಯೋಗಕ್ಕೆ ಬರುತ್ತದೆ. ಶಬ್ದದ ಅವಯವಗಳಿಂದ ಬರುವ ಅರ್ಥ ಯೌಗಿಕ; ಜನರ ಬಳಕೆಯಿಂದ ನೆಲೆನಿಂತ ಅರ್ಥ ರೂಢ. ಇವೆರಡಕ್ಕೂ ವಿರೋಧ ಬಂದಾಗ ಯೋಗಕ್ಕಿಂತ ರೂಢಿಯೇ ಬಲವತ್ತರವೆಂಬುದು ಅವರ ನಿರ್ಣಯ. ಸಂಗೀತದಿಂದಲೇ ಬಂದ ನಮ್ಮ ಶಬ್ದವೊಂದನ್ನು ನೋಡೋಣ. ‘ಪ್ರವೀಣ’ ಎಂದರೆ ಮೂಲತಃ ವೀಣೆಯನ್ನು ಚೆನ್ನಾಗಿ ನುಡಿಸುವವನು. ಇಂದು ಗಣಿತದಲ್ಲಿ ಪ್ರವೀಣ, ಪಾಕಶಾಸ್ತ್ರದಲ್ಲಿ ಪ್ರವೀಣ ಎನ್ನುವಾಗ ವೀಣೆಯ ನೆನಪು ಯಾರಿಗೂ ಇರುವುದಿಲ್ಲ. ಹೀಗಿರುವಾಗ ಇಂಗ್ಲಿಷಿನವರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ. ಇಂದಿನ ಇಂಗ್ಲಿಷ್ ನಿಘಂಟುಗಳು ‘ಕ್ರಮವಾದ ಬೆಳವಣಿಗೆ’, ‘ಬೆಳವಣಿಗೆಯ ತುದಿ’ ಎಂಬ ಎರಡು ಅರ್ಥಗಳನ್ನೂ ಕೊಡುತ್ತವೆ. ವಿದ್ಯಾರ್ಥಿಯೊಬ್ಬನು ಎರಡನೆಯ ಅರ್ಥದಲ್ಲಿ ಬರೆದರೆ ಅವನ ಅಂಕಗಳನ್ನು ಕಳೆಯುವುದು ಉಪಾಧ್ಯಾಯನಿಗೆ ಉಚಿತವಲ್ಲ. ಆದರೆ ಮೊದಲನೆಯ ಅರ್ಥವನ್ನು ಕಲಿಸದೆ ಬಿಡುವುದು ಅದಕ್ಕಿಂತಲೂ ಅನುಚಿತ.

ಕುತೂಹಲದ ಸಂಗತಿಯೆಂದರೆ ಈ ಗತಿಯು ಕ್ರೆಶೆಂಡೊ ಒಂದಕ್ಕೇ ಬಂದದ್ದಲ್ಲ. ‘ತುದಿ’ ಎನ್ನಬೇಕಾದಲ್ಲಿ ಕ್ರೆಶೆಂಡೊ ಎನ್ನಬೇಡಿ, ‘ಕ್ಲೈಮ್ಯಾಕ್ಸ್’ ಎನ್ನಿ ಎಂದು ಶುದ್ಧಪ್ರಯೋಗವಾದಿಗಳು ಉಪದೇಶಿಸುವುದುಂಟು. ಆದರೆ ಗ್ರೀಕ್ ಮೂಲದ ಆ ಶಬ್ದದ ಅರ್ಥವೇನು? ನಿಚ್ಚಣಿಕೆ, ಎಂದರೆ ಏಣಿ! ಪಾಶ್ಚಾತ್ಯರ ಅಲಂಕಾರಶಾಸ್ತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾತನ್ನು ಏರಿಸುವ ಕ್ರಮಕ್ಕೆ ಅದು ಹೆಸರಾಗಿತ್ತು. ನಮ್ಮ ಸಾರಾಲಂಕಾರವು ಅದಕ್ಕೆ ಹತ್ತಿರವಾದದ್ದು. ‘ಊರಿಗೆ ಶಾಲೆ ಲೇಸು, ಶಾಲೆಗೆ ಗುರು ಲೇಸು, ಗುರುವಿಗೆ ತಾಳ್ಮೆ ಲೇಸು’ ಎಂಬಲ್ಲಿ ಉತ್ತರೋತ್ತರವಾಗಿ ಉತ್ಕರ್ಷವು ಬರುವಂತೆ. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಜನರು ಏಣಿಯನ್ನು ಮರೆತು ಅದರ ಕಡೆಯ ಮೆಟ್ಟಿಲಿಗೇ ಆ ಹೆಸರನ್ನಿಟ್ಟರು.

‘ಕ್ರೆಸೆಂಟ್’ ಎಂಬ ಶಬ್ದದ ಕಥೆಯೂ ಇಂತಹುದೇ. ಕ್ರೆಶೆಂಡೊದ ಧಾತುವಿನಿಂದಲೇ ಹುಟ್ಟಿದ ಅದು ‘ಬೆಳೆಯುತ್ತಿರುವ’ ಚಂದ್ರನಿಗೆ, ಎಂದರೆ ಶುಕ್ಲಪಕ್ಷದ ಚಂದ್ರನಿಗೆ, ಸಂದ ವಿಶೇಷಣ. ಬರಬರುತ್ತ ಬೆಳವಣಿಗೆಯು ಮರೆತುಹೋಗಿ ಬಾಗಿದ ಆಕಾರವೊಂದೇ ಉಳಿಯಿತು. ಈಗ ಕೃಷ್ಣಪಕ್ಷದ ಕೊನೆಯಲ್ಲಿ ಕ್ಷೀಣಿಸುತ್ತಿರುವ ಚಂದ್ರನಿಗೂ ಅದೇ ಹೆಸರು. ಕುಗ್ಗುತ್ತಿರುವವನನ್ನು ‘ಬೆಳೆಯುತ್ತಿರುವವನೇ’ ಎಂದು ಕರೆದಂತಾಯಿತು!

ಮೂರು ಶಬ್ದಗಳು, ಮೂರಕ್ಕೂ ಒಂದೇ ಹಣೆಬರಹ. ಚಲನೆಗೆ ಇಟ್ಟ ಹೆಸರು ನಿಂತ ವಸ್ತುವಿಗೆ ಜಾರಿತು. ಮನುಷ್ಯನ ಕಣ್ಣು ಸ್ವಭಾವತಃ ಏಣಿಯ ತುದಿಯನ್ನು ನೋಡುತ್ತದೆ, ನಡುವಿನ ಮೆಟ್ಟಿಲುಗಳನ್ನು ಲಕ್ಷಿಸುವುದಿಲ್ಲ. ಆ ಕಣ್ಣಿನ ದೋಷವೇ ನಾಲಗೆಗೂ ಇಳಿದಿದೆ ಎಂದು ನನಗೆ ತೋರುತ್ತದೆ. ‘ಪ್ರವೀಣ’ ಎಂಬಲ್ಲಿ ವೀಣೆಯು ಮರೆತುಹೋದುದರಿಂದ ನಮಗೆ ನಷ್ಟವೇನೂ ಆಗಲಿಲ್ಲ, ವೀಣೆಗೆ ಬೇರೆ ಹೆಸರಿದೆ. ಆದರೆ ತುದಿಯನ್ನು ಹೇಳಲು ಯಾವ ಭಾಷೆಯಲ್ಲಿಯೂ ಶಬ್ದದಾರಿದ್ರ್ಯವಿಲ್ಲ. ನಮ್ಮಲ್ಲಿಯೇ ಪರಾಕಾಷ್ಠೆ, ಪರಮಾವಧಿ, ಶಿಖರ, ತುತ್ತತುದಿ ಎಂದು ಎಷ್ಟೋ ಇವೆ. ಬೆಳೆಯುತ್ತಿರುವಿಕೆಯನ್ನು ಒಂದೇ ಮಾತಿನಲ್ಲಿ ಹೇಳುವ ಶಬ್ದಗಳು ವಿರಳ. ವಿರಳವಾದುದನ್ನು ಹೇರಳವಾದುದಕ್ಕೆ ಸೇರಿಸಿ ಕಳೆದುಕೊಳ್ಳುವುದು ಬುದ್ಧಿವಂತರ ವ್ಯಾಪಾರವಲ್ಲ.

ಕನ್ನಡಿಸುವ ಬಗೆ

ನಮ್ಮ ಪತ್ರಿಕೆಗಳಲ್ಲಿ ‘ಜಗಳ ತಾರಕಕ್ಕೇರಿತು’ ಎಂಬ ನುಡಿಗಟ್ಟನ್ನು ನಿತ್ಯವೂ ಕಾಣುತ್ತೇವೆ. ಇದು ಸಹ ಸಂಗೀತದಿಂದಲೇ ಬಂದುದು. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳಲ್ಲಿ ಮೇಲಿನದಾದ ತಾರಸ್ಥಾಯಿಯನ್ನು ಮುಟ್ಟಿತೆಂದು ತಾತ್ಪರ್ಯ. ಇಂಗ್ಲಿಷಿನವರ ‘ರೀಚ್ಡ್ ಎ ಕ್ರೆಶೆಂಡೊ’ ಹೇಳಬಯಸುವುದು ಇದನ್ನೇ. ಆದರೆ ನಮ್ಮ ನುಡಿಗಟ್ಟಿನಲ್ಲಿ ಆ ದೋಷವಿಲ್ಲ. ತಾರವು ಒಂದು ಸ್ಥಾನ. ಸ್ಥಾನಕ್ಕೆ ಏರಬಹುದು, ಸ್ಥಾನವನ್ನು ಮುಟ್ಟಬಹುದು. ಓದುಬರೆಹ ಬಾರದವನ ಬಾಯಲ್ಲಿಯೂ ಕನ್ನಡವು ಸ್ಥಾನವನ್ನೂ ಗತಿಯನ್ನೂ ಇಷ್ಟು ಚೆನ್ನಾಗಿ ಬೇರ್ಪಡಿಸಿ ಇಟ್ಟುಕೊಂಡಿದೆ.

ಆದುದರಿಂದ ಭಾಷಾಂತರಿಸುವವರು ಮೊದಲು ಕ್ರಿಯಾಪದವನ್ನು ನೋಡತಕ್ಕದ್ದು. ಮುಟ್ಟುವುದು, ತಲಪುವುದು ಎಂಬರ್ಥದ ಕ್ರಿಯಾಪದವಿದ್ದರೆ ಲೇಖಕನ ಅಭಿಪ್ರಾಯವು ತುದಿ. ಅಲ್ಲಿ ‘ತಾರಕಕ್ಕೇರಿತು’, ‘ಪರಾಕಾಷ್ಠೆಗೆ ಮುಟ್ಟಿತು’ ಎನ್ನಬಹುದು. ಹಾಗಿಲ್ಲದಿದ್ದಲ್ಲಿ ಮೂಲಾರ್ಥವನ್ನೇ ಹಿಡಿದು ‘ಬೆಳೆಯುತ್ತ ಹೋಯಿತು’, ‘ಏರುತ್ತ ಬಂತು’ ಎಂದು ಕೃದಂತಾವ್ಯಯದೊಡನೆ ಸಹಾಯಕ ಕ್ರಿಯಾಪದವನ್ನು ಕೂಡಿಸಬೇಕು. ಸಂಗೀತಗ್ರಂಥಗಳಲ್ಲಿ ಪಾರಿಭಾಷಿಕ ಶಬ್ದವೇ ಬೇಕಾದರೆ ‘ನಾದವೃದ್ಧಿ’ ಎಂಬುದು ಸಾಕಾಗುವುದೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಈ ಮೂರು ಸಂದರ್ಭಗಳನ್ನು ಯೋಚಿಸಲಿ: ರಥವು ಹೊರಟು ಗುಡಿಯ ಮುಂದಕ್ಕೆ ಬರುವಷ್ಟರಲ್ಲಿ ಹೆಚ್ಚುತ್ತ ಬರುವ ಡೊಳ್ಳಿನ ಸದ್ದು, ಗುಡಿಯ ಮುಂದೆ ನಿಂತಾಗಿನ ಜಯಘೋಷ, ಅನಿರೀಕ್ಷಿತವಾಗಿ ಸಿಡಿದ ಪಟಾಕಿ. ಮೊದಲನೆಯದು ಮಾತ್ರ ಕ್ರೆಶೆಂಡೊ. ಎರಡನೆಯದು ಅದು ಸೇರಿದ ತುದಿ. ಮೂರನೆಯದು ಇವೆರಡೂ ಅಲ್ಲ.

ಉಪಸಂಹಾರ

ಆ ಕ್ಲಾರಿಯೊನೆಟ್ಟಿನ ಹಿರಿಯರನ್ನು ಆಮೇಲೆ ಒಮ್ಮೆ ಕಂಡು ಇಷ್ಟನ್ನೂ ಒಪ್ಪಿಸಿದೆ. ಸಮಾಧಾನದಿಂದ ಕೇಳಿ, “ಬ್ಯಾಂಡಿಗೆ ಹೊಸದಾಗಿ ಸೇರಿದ ಹುಡುಗರು ಗುರುತು ಕಂಡ ಕೂಡಲೆ ಇದ್ದ ಉಸಿರನ್ನೆಲ್ಲ ಊದಿಬಿಡುತ್ತಿದ್ದರು ಪಂಡಿತರೇ. ನಾಲ್ಕು ಸ್ವರ ಹೋಗುವಷ್ಟರಲ್ಲಿ ಉಸಿರೇ ಇರುತ್ತಿರಲಿಲ್ಲ. ಉಸಿರು ಉಳಿಸಿಕೊಂಡು ಬೆಳೆಸುವುದನ್ನು ಕಲಿಯಲು ಅವರಿಗೆ ವರ್ಷಗಟ್ಟಲೆ ಹಿಡಿಯುತ್ತಿತ್ತು” ಎಂದರು. ತರಗತಿಯಲ್ಲಿ ನಾನು ಕಾಣುವುದೂ ಅದನ್ನೇ. ವರ್ಷಾರಂಭದಲ್ಲಿಯೇ ಅಬ್ಬರಿಸಿ ಓದಿದವನು ಪುಷ್ಯಮಾಸದ ಹೊತ್ತಿಗೆ ಬಳಲಿರುತ್ತಾನೆ. ಮೆಲ್ಲಗೆ ಹಿಡಿದು ದಿನಕ್ಕಿಷ್ಟು ಬೆಳೆದವನ ಓದು ಪರೀಕ್ಷೆಯಾದ ಮೇಲೂ ನಿಲ್ಲುವುದಿಲ್ಲ.

ಹಳೆಯ ಸಂಚಿಕೆಯ ಪ್ರತಿಗಳು ಊರೂರಿನ ಮನೆಗಳಲ್ಲಿ ಸೇರಿಹೋಗಿವೆ. ಅವುಗಳಲ್ಲಿಯ ನನ್ನ ವಾಕ್ಯವನ್ನು ಇನ್ನು ಅಳಿಸುವಂತಿಲ್ಲ. ಆ ಪ್ರತಿಯು ಯಾರ ಬಳಿಯಲ್ಲಾದರೂ ಇದ್ದರೆ ಅತಿಥಿಗಳ ಕಡೆಯ ಮಾತನ್ನು ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕೆಂದು ಬಿನ್ನವಿಸುತ್ತೇನೆ: ‘ಈ ವಿದ್ಯಾಸಂಸ್ಥೆಯ ಸೇವೆಯು ಬೆಳೆಯುತ್ತ ಬೆಳೆಯುತ್ತ ಸಾಗಲಿ.’